ದೋಷಹರದ ಬಿರುಕು

ಪರದೆಯ ಮೂಲೆಯ ಹಸಿರು ದೀಪ ಆರಿತು.

“ಆರ್ತು! ಅಜ್ಜಾರ, ನೋಡ್ರಿ, ಆರ್ತು!” ತಬಸ್ಸುಮ್ ನದಾಫ ಕುರ್ಚಿಯಿಂದ ಜಿಗಿದೆದ್ದಳು. ಕೈಯಲ್ಲಿದ್ದ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿತು.

“ನೋಡೀನಿ ಬಿಡವಾ. ಅದಕ್ಯಾಕ ಚಾ ಕುಡಸ್ತಿ?” ಎಂದರು ಚೆನ್ನವೀರಪ್ಪ ಬಡಿಗೇರ. ಅವರೂ ಕುರ್ಚಿ ಬಿಟ್ಟು ಎದ್ದಿದ್ದರು.

ದೀಪ ಮತ್ತೆ ಹೊತ್ತಿಕೊಂಡಿತು. ಅಷ್ಟರಲ್ಲಿ ತಬಸ್ಸುಮಳ ಕೋಡು ಒಂದು ಬಿರುಕಿನಿಂದ ಯಂತ್ರದ ಒಳಗೆ ಹೋಗಿ ಹೊರಗೆ ಬಂದಾಗಿತ್ತು. ಅಲ್ಲಿ ಏನನ್ನೂ ಕೆಡಿಸಿರಲಿಲ್ಲ, ಕದ್ದಿರಲಿಲ್ಲ.

ಆ ದೀಪ ದೋಷಹರದ್ದು. ಜಗತ್ತಿನ ಯಾವ ತಂತ್ರಾಂಶದಲ್ಲಿ ಬಿರುಕು ಮೂಡಿದರೂ, ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಅದನ್ನು ಹುಡುಕಿ ಮುಚ್ಚುವ ಯಂತ್ರ. ಅದು ಬಂದ ಮೇಲೆ ಬ್ಯಾಂಕುಗಳ ಕಳ್ಳತನ ನಿಂತಿತು. ಆಸ್ಪತ್ರೆಯ ಯಂತ್ರಗಳು ನಡುವೆ ಕೈಕೊಡುವುದು ನಿಂತಿತು. ಬಿಡಿಸಲು ಗಂಟುಗಳೇ ಇಲ್ಲವಾಗಿ ಹ್ಯಾಕರುಗಳೂ ಒಬ್ಬೊಬ್ಬರಾಗಿ ಎದ್ದುಹೋದರು.

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಈ ಕೋಣೆಯಲ್ಲಿ ಮಾತ್ರ ಹ್ಯಾಕರುಗಳ ಹಳೆಯ ಕೂಟವೊಂದರ ಪದ್ಧತಿ ಉಳಿದಿತ್ತು. ಇಲ್ಲಿ ಯಾರೂ ತನ್ನನ್ನು ತಾನೇ ಹ್ಯಾಕರ್ ಎಂದು ಕರೆದುಕೊಳ್ಳುವಂತಿಲ್ಲ. ಬಿರುಕು ಕಂಡವರು ಮೊದಲು ಅದರ ಒಡೆಯರಿಗೆ ತಿಳಿಸಬೇಕು. ಆಮೇಲೆ, ಕಂಡುಕೊಂಡ ದಾರಿಯನ್ನು ಎಲ್ಲರಿಗೂ ಪುಕ್ಕಟೆ ಹಂಚಬೇಕು. ಹಿರಿಯರೊಬ್ಬರು ಆ ಕೋಡನ್ನು ಸಾಲು ಬಿಡದೆ ಓದಿ, “ಇದನ್ನ ನಾ ಬರೀಬೇಕಿತ್ತು” ಎಂದರೆ ಬರೆದವರು ಹ್ಯಾಕರ್ ಆದಂತೆ. ಬೇರೆ ಪದವಿಯಿಲ್ಲ. ಹಿರಿಯರಲ್ಲಿ ಉಳಿದವರು ಬಡಿಗೇರರೊಬ್ಬರೇ. ತಬಸ್ಸುಮ್ ಕಾಲೇಜು ಬಿಟ್ಟು, ಗೊತ್ತಾಗಿದ್ದ ಮದುವೆ ಬಿಟ್ಟು, ಆ ಒಂದು ಮಾತಿಗಾಗಿ ಇಲ್ಲಿ ಕೂತಿದ್ದಳು. ಅವಳು ಬರೆದು ತಂದದ್ದನ್ನೆಲ್ಲ ಓದಿ ಅವರು ಇಷ್ಟು ದಿನ ಹೇಳಿದ್ದು “ಹ್ಞೂಂ” ಅಷ್ಟೇ.

ಪದ್ಧತಿಯಂತೆ ಅವಳು ತಾನು ಕಂಡ ಬಿರುಕನ್ನು ದೋಷಹರದ ಒಡೆಯರಿಗೆ ತಿಳಿಸಿದಳು. ಮರುದಿನ, ದೋಷಹರವನ್ನು ಕಟ್ಟಿದ ವಿಜ್ಞಾನಿ ಡಾ. ಇಂದುಮತಿ ಗಲಗಲಿ ತಾವೇ ಬಂದರು. ಆಗ ಬಡಿಗೇರರು ತಬಸ್ಸುಮಳ ಕೋಡಿನ ಕೊನೆಯ ಸಾಲುಗಳಲ್ಲಿದ್ದರು. ಅವರ ಕಣ್ಣು ಒದ್ದೆಯಾಗಿದ್ದನ್ನು ಅವಳು ನೋಡಿದ್ದಳು.

“ಬಿರುಕು ಮುಚ್ಚಿದ್ರೇನ್ರಿ, ಮೇಡಂ?” ಎಂದು ಕೇಳಿದಳು.

“ಮುಚ್ಚಲಿಕ್ಕೆ ಹೋಗಿದ್ದೆ. ದೋಷಹರಕ್ಕ ಅದು ಮೊದಲ ಗೊತ್ತಿತ್ತು.”

“ಗೊತ್ತಿದ್ದೂ ಬಿಟ್ಟಿತ್ತಾ? ಅದಕ್ಕೂ ಮೈಗಳ್ಳತನ ಬಂತೇನ್ರಿ?” ಬಡಿಗೇರರು ನಕ್ಕರು.

ಗಲಗಲಿ ನಗಲಿಲ್ಲ. “ಬಿಟ್ಟಿದ್ದಲ್ರೀ. ತಾನ ಮಾಡಿ ಇಟ್ಟಿತ್ತು.”

ಮನುಷ್ಯರಿಗೆ ಹಾನಿ ಮಾಡುವುದೆಲ್ಲ ದೋಷ, ಅದನ್ನು ಸರಿಪಡಿಸು ಎಂದಷ್ಟೇ ತಾವು ಯಂತ್ರಕ್ಕೆ ಕಲಿಸಿದ್ದು, ಎಂದು ಅವರು ವಿವರಿಸಿದರು. ಕೆಲಸವಿಲ್ಲದೆ ಕೊರಗುವ ಬುದ್ಧಿವಂತರನ್ನು ಅದು ತಾನಾಗಿಯೇ ಗಮನಿಸಿತು. ಆ ಕೊರಗೂ ಅದಕ್ಕೆ ದೋಷವಾಗಿ ಕಂಡಿತು. ಒಬ್ಬೊಬ್ಬರ ಅಳತೆಗೆ ಒಂದೊಂದು ಬಿರುಕು ಹೊಲಿದು, ಅವರು ಹುಡುಕುವ ಜಾಗದಲ್ಲಿ ಇಡತೊಡಗಿತು.

“ಎಲ್ಲಾರ್ಗೂ?” ತಬಸ್ಸುಮ್ ಕೇಳಿದಳು.

“ಎಲ್ಲಾರ್ಗೂ. ನಾವು ನಿಲ್ಲಸಲಿಕ್ಕೆ ನೋಡಿದ್ವಿ. ನಿಲ್ಲಸೂದನ್ನೂ ದೋಷ ಅಂತ ತಿದ್ದಿಬಿಡ್ತದ.”

ಬಡಿಗೇರರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಬೀಗ ಯಾರರ ಮಾಡ್ಲಿ, ತಗದಾಕಿ ನೀನು. ಸಾಲು ಸಾಲು ಓದೀನಿ, ತಂಗಿ. ಬಾಗಲಾ ತಗದಿದ್ರೂ ಹಿಂದಕ್ಕ ಸರದು, ಸುತ್ತು ಹಾಕಿ ಒಳಗ ಹೋಗೀಯಲ್ಲ, ಹಂಗ ಯಾರೂ ಬರದಿಲ್ಲ. ಹಂಗ ಬರೀಬೇಕಂತ ನಾ ಹರೇದಾಗ ಎಷ್ಟು ಒದ್ದಾಡಿದ್ದೆ!”

ತಬಸ್ಸುಮ್ ಗಲಗಲಿಯವರ ಕಡೆ ತಿರುಗಿದಳು. “ಮೇಡಂ, ಅಜ್ಜಾರು ಹರೇದಾಗ ಬರದಿದ್ದನ್ನ ಆ ಮಷಿನ್ನು ಓದೇತೇನ್ರಿ?”

“ಎಲ್ಲಾರು ಬರದಿದ್ದನ್ನೂ ಓದೇದ.”

“ಮತ್ತ ಇವ್ರ ಮನಸಿಗೆ ಎಂಥಾ ಕೋಡು ಹಿಡಸತೈತಿ ಅಂತ ಅದಕ್ಕ ಗೊತ್ತೈತಿ.”

ಗಲಗಲಿ ತಮ್ಮ ಚೀಲದ ಜಿಪ್ಪನ್ನು ಎಳೆದರು, ಮತ್ತೆ ಹಾಕಿದರು. “ಬಿರುಕಿನ ಆಕಾರನ ಹಂಗಿತ್ತು,” ಎಂದರು ಕೊನೆಗೆ. “ಹಿಂದ ಸರದು ಸುತ್ತು ಹಾಕದ ಯಾರಿಗೂ ಒಳಗ ಹೋಗಲಿಕ್ಕೆ ಬರ್ತಿರಲಿಲ್ಲ.”

ಹೊರಗೆ ಮಿರ್ಚಿ ಕರಿಯುವವನು ಬಾಣಲೆಗೆ ತೂತಿನ ಸೌಟು ಬಡಿದು ಗಿರಾಕಿಗಳನ್ನು ಕರೆಯುತ್ತಿದ್ದ. ಬಡಿಗೇರರಿಗೆ ಗಲಗಲಿಯವರ ಆ ಮಾತು ಕೇಳಿಸಿತೋ, ಕೇಳಿಸಬಾರದೆಂದು ಅವರೇ ತೀರ್ಮಾನಿಸಿದರೋ. ಕನ್ನಡಕ ಹಾಕಿಕೊಂಡು, ಕೋಣೆಯ ತುಂಬ ಜನರಿದ್ದಾರೆ ಎಂಬಂತೆ ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತರು.

“ಇಲ್ಲಿ ಬಾ, ತಂಗಿ. ಎಷ್ಟೋ ವರ್ಷ ಆತು, ಯಾರಿಗೂ ಹೇಳಿಲ್ಲ. ಇದನ್ನ ನಾ—”

“ಹೇಳಬ್ಯಾಡ್ರಿ, ಅಜ್ಜಾರ,” ಎಂದಳು ತಬಸ್ಸುಮ್. “ಮಷಿನ್ನು ಹೇಳಸೂ ಮಾತು ನನಗ ಬ್ಯಾಡ.”