ಬಂಡ್ರಿ ಪಟ್ಟಿಯಲ್ಲಿ ಉಳಿದ ಹೆಸರು

ಉಚ್ಚೆಂಗಪ್ಪ ಸತ್ತು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನದಲ್ಲಿ ಅವನನ್ನು ಹುಡುಕಿಕೊಂಡು ಪೊಲೀಸರು ಬರಲಿಲ್ಲ, ನೆಂಟರು ಬರಲಿಲ್ಲ, ಊರಿನ ದೊಡ್ಡವರಿಂದ ಒಂದು ಮಾತೂ ಬರಲಿಲ್ಲ. ಕೊನೆಗೆ ಬಂದವಳು ಹೆಗಲಿಗೆ ತೂಕದ ಯಂತ್ರ ನೇತುಹಾಕಿಕೊಂಡ ಒಬ್ಬ ಹುಡುಗಿ. ಶಂಭುಲಿಂಗನಿಗೆ ಮೈಯೆಲ್ಲ ಉರಿದುಹೋದದ್ದು ಇದಕ್ಕೇ. ತಾನು ಕೊಂದ ಮನುಷ್ಯನ ಬಗ್ಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಕಾಳಜಿ ಇದ್ದದ್ದು ಇವಳೊಬ್ಬಳಿಗೆ, ಅದೂ ಅವನು ದಿನಕ್ಕೆ ಎಷ್ಟು ಬೀಡಿ ಸೇದುತ್ತಾನೆ ಎಂದು ಕೇಳುವುದಕ್ಕೆ!

ಹುಡುಗಿಯ ಹೆಸರು ಲಲಿತಾ, ಕಮಲಾಪುರದವಳು. 2003ರಲ್ಲಿ ಬೆಂಗಳೂರಿನ ಯಾವುದೋ ಸಂಶೋಧನಾ ಸಂಸ್ಥೆಯವರು ಸಂಡೂರು, ಹೊಸಪೇಟೆ, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಸಾವಿರಾರು ಜನರ ಹೆಸರು ಬರೆದುಕೊಂಡು ಹೋಗಿದ್ದರು. ಜನ ಏನು ಉಣ್ಣುತ್ತಾರೆ, ಏನು ಸೇದುತ್ತಾರೆ, ಎಂಥ ಗಾಳಿ ಕುಡಿಯುತ್ತಾರೆ, ಇಪ್ಪತ್ತು ವರ್ಷದೊಳಗೆ ಯಾರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಯಾರ ಹೃದಯ ಕೈಕೊಡುತ್ತದೆ ಎಂದು ನೋಡುವುದು ಅವರ ಕೆಲಸ. ಒಮ್ಮೆ ಹೆಸರು ಬರೆದುಕೊಂಡರೆ ಮುಗಿಯಿತು, ಸಾಯುವ ತನಕ ಬೆನ್ನು ಬಿಡುವುದಿಲ್ಲ. ಈಗ 2008ರಲ್ಲಿ ಎರಡನೇ ಸುತ್ತು. ಬಂಡ್ರಿಯ ಪಟ್ಟಿಯಲ್ಲಿದ್ದ ಐನೂರು ಜನರಲ್ಲಿ ನಾನೂರ ತೊಂಬತ್ತೊಂಬತ್ತು ಮಂದಿ ಸಿಕ್ಕಿದ್ದರು. ಉಳಿದವನು ಉಚ್ಚೆಂಗಪ್ಪ.

"ಅಂವಾ ಗೋವಾ ಕಡಿ ದುಡಿಯಾಕ ಹೋಗ್ಯಾನವ್ವಾ," ಎಂದ ಶಂಭುಲಿಂಗ, ಕ್ರಷರ್ ಆಫೀಸಿನ ಕುರ್ಚಿಯಿಂದ ಏಳದೆ.

"ಗೋವಾದಾಗ ಎಲ್ಲಿರಿ? ಯಾರ ಹತ್ರ? ಕಂಟ್ರಾಕ್ಟರ್ ಫೋನ್ ನಂಬರ್ ಕೊಡ್ರಿ, ನಾನ ಮಾತಾಡ್ತೀನಿ."

"ಕೂಲಿ ಮನಷ್ಯಾನ ಲೆಕ್ಕ ಯಾರು ಇಟ್ಟಿರ್ತಾರ? ಒಂದು ಹೆಸ್ರು ಬಿಟ್ರ ನಿಮ್ಮ ಗಂಟೇನು ಹೋಗ್ತದ?"

"ಬಿಡಾಕ ಬರಾಂಗಿಲ್ರಿ. ಸತ್ತಿದ್ರ ಸತ್ತಾರ ಅಂತ ಬರಿತೀನಿ, ಇದ್ರ ಇದ್ದಾರ ಅಂತ ಬರಿತೀನಿ. ಎರಡೂ ಅಲ್ದಂಗ ಮನಷ್ಯಾ ಇರಾಕ ಬರ್ತದೇನ್ರಿ?"

ತಿಂಗಳೊಳಗೆ ಸಿಗದಿದ್ದರೆ ಹೆಸರನ್ನು ತಾಲೂಕು ಕಚೇರಿಗೆ, ಆಸ್ಪತ್ರೆಗಳಿಗೆ, ಪೊಲೀಸ್ ಠಾಣೆಗಳಿಗೆ ಕಳಿಸುತ್ತಾರೆ ಎಂದೂ ಹೇಳಿದಳು. ಧ್ವನಿ ಏರಿಸಲಿಲ್ಲ, ಆದರೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊರಗೆ ಹೋಗಿ ಮೊಪೆಡ್ಡಿನ ಸೀಟಿನ ಮೇಲಿನ ಕೆಂಪು ಧೂಳನ್ನು ಸೆರಗಿನಿಂದ ಎರಡು ಸಲ ಒರೆಸಿ ಹತ್ತಿದಳು. ಆ ಒರೆಸುವುದನ್ನು ಕಂಡರೂ ಶಂಭುಲಿಂಗನಿಗೆ ಸಿಟ್ಟು ಬಂತು.

ಉಚ್ಚೆಂಗಪ್ಪನದು ಮೂರೇ ಎಕರೆ. ಆದರೆ ಆ ಮೂರು ಎಕರೆ ಇದ್ದದ್ದು ಶಂಭುಲಿಂಗನ ಕ್ರಷರ್‌ಗೂ ಸಂಡೂರು ರಸ್ತೆಗೂ ನಡುವೆ. ಚೀನಾಕ್ಕೆ ಅದಿರು ಹೋಗತೊಡಗಿ ಎಲ್ಲರ ಲಾರಿಗಳೂ ರೆಕ್ಕೆ ಬಂದಂತೆ ಹಾರುತ್ತಿದ್ದಾಗ ಶಂಭುಲಿಂಗನ ಲಾರಿಗಳು ಮಾತ್ರ ಆ ಹೊಲ ಬಳಸಿ ನಾಲ್ಕು ಕಿಲೋಮೀಟರು ಸುತ್ತು ಹಾಕಬೇಕಿತ್ತು. ಕೇಳಿದ. ಎರಡು ಸಲ ಕೇಳಿದ, ಮೂರನೇ ಸಲ ಹಣ್ಣು ಹೂವು ಹಿಡಿದುಕೊಂಡು ಹೋಗಿ ಕೇಳಿದ. ಹನ್ನೆರಡು ವರ್ಷ ಅದೇ ಕ್ರಷರ್‌ಗೆ ಕಲ್ಲು ತುಂಬಿ, ಇನ್ನು ಆಗುವುದಿಲ್ಲ ಎಂದು ಬಿಟ್ಟುಹೋಗಿದ್ದ ಆಳು, ಹೆಂಡತಿ ಸತ್ತ, ಮಕ್ಕಳಿಲ್ಲದ ಒಂಟಿ ಮನುಷ್ಯ, "ಕೊಡಾಂಗಿಲ್ರಿ" ಎಂದ. ಕಾರಣ ಹೇಳಲಿಲ್ಲ. ಕೈಕಟ್ಟಿ ನಿಲ್ಲಬೇಕಾದವನು ಕಾರಣವನ್ನೂ ಹೇಳದೆ ಇಲ್ಲ ಅನ್ನುವುದನ್ನು ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ಶಂಭುಲಿಂಗ ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ.

ಅದನ್ನು ಅವನು ಅಚ್ಚುಕಟ್ಟಾಗಿಯೇ ಮುಗಿಸಿದ್ದ. ಅಮಾವಾಸ್ಯೆಯ ದಿನ ಯಂತ್ರಗಳಿಗೆ ಪೂಜೆ ಮಾಡಿಸಿ, ಆಳುಗಳಿಗೆಲ್ಲ ರಜೆ ಕೊಟ್ಟು, ಮಧ್ಯಾಹ್ನ ಅವನನ್ನು ಮಾತಿಗೆ ಕರೆದ. ಹಾರೆಯಿಂದ ಒಂದೇ ಏಟು, ಹೆಣ ಕ್ರಷರ್ ಹಿಂದಿನ ತಗ್ಗಿಗೆ. ಮಾರನೆಯ ದಿನದಿಂದ ಆ ತಗ್ಗಿನ ಮೇಲೆ ಗಣಿಯ ಕಸಮಣ್ಣು ಸುರಿಸತೊಡಗಿದ. ದಿನಕ್ಕೆ ನೂರು ಲಾರಿ ಮಣ್ಣು. ಈಗ ಅದೊಂದು ಗುಡ್ಡ, ಮೇಲೆ ಜಾಲಿ ಕೂಡ ಹುಟ್ಟಿದೆ. ಉಚ್ಚೆಂಗಪ್ಪ ಗೋವಾಕ್ಕೆ ಹೋದ ಎಂದು ಚಹಾದಂಗಡಿಯಲ್ಲಿ ಎರಡು ಸಲ ಹೇಳಿದ್ದಷ್ಟೇ, ಊರೇ ಆ ಮಾತನ್ನು ಮುಂದಕ್ಕೆ ಒಯ್ದಿತು. ಗಣಿ ಬಂದ ಮೇಲೆ ಯಾರು ಎಲ್ಲಿಂದ ಬಂದರು, ಯಾರು ಎಲ್ಲಿಗೆ ಹೋದರು ಎಂದು ಕೇಳುವ ಪುರುಸೊತ್ತು ಯಾರಿಗಿತ್ತು? ಗುಡಿಸಲು ಕೆಡವಿಸಿ, ಹೊಲದ ನಡುವೆ ರಸ್ತೆ ಹಾಕಿಸಿ, ಶಂಭುಲಿಂಗ ಹಾಯಾಗಿದ್ದ.

ಈಗ ಇವಳು. ಮೊದಲ ಎರಡು ದಿನ ಅವನು ಬರೀ ಬೈದುಕೊಂಡ. ಮೂರನೆಯ ದಿನ ಸ್ನಾನ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ತಣ್ಣಗೆ ಯೋಚಿಸಿದ. ಹುಡುಗಿಯನ್ನು ಹೆದರಿಸಿದರೆ ಇನ್ನಷ್ಟು ಜನ ಬರುತ್ತಾರೆ. ಉಚ್ಚೆಂಗಪ್ಪ ಸತ್ತ ಎಂದರೆ ಅದು ಇನ್ನೂ ಕೆಟ್ಟದ್ದು. ಆ ಸಂಸ್ಥೆಯ ಜೀಪಿನ ಡ್ರೈವರ್‌ಗೆ ಬೈಪಾಸ್ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನಿಸಿ ಅವನು ಎಲ್ಲ ತಿಳಿದುಕೊಂಡಿದ್ದ. ಯಾರಾದರೂ ಸತ್ತರೆ ಇವರು ಮನೆಗೆ ಬಂದು ಗಂಟೆಗಟ್ಟಲೆ ಕೂರುತ್ತಾರಂತೆ. ಎದೆ ನೋವಿತ್ತೇ, ಜ್ವರವಿತ್ತೇ, ಕೊನೆಗೆ ನೀರು ಕೊಟ್ಟವರು ಯಾರು, ಮಣ್ಣು ಮಾಡಿದ್ದೆಲ್ಲಿ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾರಂತೆ. ಊರಿನಲ್ಲಿ ಯಾರು ಸತ್ತರೂ ಕೇಳುವವರಿಲ್ಲ. ಈ ಪಟ್ಟಿಯಲ್ಲಿದ್ದವನು ಸತ್ತರೆ ಮಾತ್ರ ಪಂಚನಾಮೆ!

ಹಾಗಾದರೆ ಉಳಿದದ್ದು ಒಂದೇ ದಾರಿ. ಉಚ್ಚೆಂಗಪ್ಪ ಒಂದು ದಿನದ ಮಟ್ಟಿಗೆ ಬದುಕಿ ಬರಬೇಕು. ಈ ಯೋಚನೆ ಹೊಳೆದಾಗ ಶಂಭುಲಿಂಗನಿಗೆ ತನ್ನ ಮೇಲೆ ತನಗೇ ಪ್ರೀತಿ ಉಕ್ಕಿತು. ಕೊಲ್ಲುವುದು ಯಾರಿಗೂ ಬರುತ್ತದೆ, ಸತ್ತವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದಕ್ಕೆ ತಲೆ ಬೇಕು.

ಗುಡಿಸಲು ಕೆಡವಿದಾಗ ಸಿಕ್ಕಿದ್ದ ತಗಡಿನ ಪೆಟ್ಟಿಗೆ ಕ್ರಷರ್‌ನ ಶೆಡ್ಡಿನಲ್ಲೇ ಬಿದ್ದಿತ್ತು. ಅದರಲ್ಲಿ, ಮಡಿಚಿಟ್ಟ ಹಳೆಯ ಸೀರೆಯ ಕೆಳಗೆ, ಆ ಸಂಸ್ಥೆಯವರು 2003ರಲ್ಲಿ ಕೊಟ್ಟ ಗುಲಾಬಿ ಬಣ್ಣದ ಕಾರ್ಡು. ಹೆಸರು, ತಂದೆ ಮುದುಕಪ್ಪ, ವಯಸ್ಸು ನಲವತ್ತೊಂದು, ಎತ್ತರ ಐದಡಿ ನಾಲ್ಕಿಂಚು, ತೂಕ, ಬಿ.ಪಿ., ರಕ್ತದ ಗುಂಪು ಬಿ ಪಾಸಿಟಿವ್, ಗುರುತು: ಬಲ ಮುಂಗೈ ಮೇಲೆ ಹುಲಿಗೆಮ್ಮ ಎಂಬ ಹಚ್ಚೆ. ಫೋಟೋ ಇಲ್ಲ. ಹಿಂದೆ ಮನೆಮನೆಗೆ ಬಂದು ಬರೆದುಕೊಂಡಿದ್ದ ಹೆಂಗಸು ಮದುವೆಯಾಗಿ ರಾಯಚೂರು ಸೇರಿದ್ದಾಳೆ. ಲಲಿತಾ ಕೆಲಸಕ್ಕೆ ಸೇರಿದ್ದು ಹೋದ ವರ್ಷ, ಉಚ್ಚೆಂಗಪ್ಪನ ಮುಖವನ್ನು ಅವಳು ಕಂಡೇ ಇಲ್ಲ. ಊರಲ್ಲಿ ಸಿಗದೆ ಉಳಿದವರಿಗೆಂದು ಹೊಸಪೇಟೆಯಲ್ಲಿ ಕೊನೆಯ ಶಿಬಿರವೊಂದು ನಡೆಯುತ್ತದೆ. ಅಲ್ಲಿಗೆ ಬಂಡ್ರಿಯಿಂದ ಬೇರೆ ಯಾರೂ ಬರುವುದಿಲ್ಲ, ಎಲ್ಲರದೂ ಮುಗಿದಿದೆ.

ಜೀಪಿನ ಡ್ರೈವರ್ ಇನ್ನೊಂದು ಸಂಗತಿ ಹೇಳಿದ್ದ. ಈ ಸುತ್ತಿನಿಂದ ಹೊಸ ನಿಯಮವಂತೆ, ಪರೀಕ್ಷೆಯಲ್ಲಿ ಏನಾದರೂ ಕಾಯಿಲೆ ಕಂಡರೆ ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ, ಮನೆಗೂ ಬರುತ್ತಾರೆ. ಎಲ್ಲ ಚೆನ್ನಾಗಿದ್ದರೆ ಮುಂದಿನ ಐದು ವರ್ಷ ತಿರುಗಿ ನೋಡುವುದಿಲ್ಲ. ಶಂಭುಲಿಂಗನ ಬುದ್ಧಿ ಅಲ್ಲಿಯೇ ಕುಣಿಯಿತು. ಹೊಟ್ಟೆನೋವಿನ, ಸಕ್ಕರೆಯ, ಕೆಮ್ಮಿನ ಯಾವ ಬಡಕಲನೂ ಬೇಡ. ಕಲ್ಲಿನಂಥ ಗಟ್ಟಿಮುಟ್ಟಾದ ಆಳು ಬೇಕು. ಹೋಗಬೇಕು, ಉಸಿರು ಪರೀಕ್ಷೆಯ ಕೊಳವೆ ಊದಬೇಕು, ಎಲ್ಲದರಲ್ಲೂ ಪಾಸಾಗಬೇಕು, ಐದು ವರ್ಷ ನೆಮ್ಮದಿ. ಐದು ವರ್ಷದ ಮೇಲೆ ಗಣಿ ಇರುತ್ತದೋ ಇಲ್ಲವೋ, ಯಾರು ಕಂಡವರು.

ಅಂಥವನನ್ನು ಹುಡುಕಲು ಅವನು ಕಂಪ್ಲಿಯಲ್ಲಿ ತಂದೆಯ ಹೆಸರಿನಲ್ಲಿ ರಕ್ತದಾನ ಶಿಬಿರವನ್ನೇ ನಡೆಸಿಬಿಟ್ಟ. ಶಾಮಿಯಾನ, ಹಾರ, ದಾನಿಗಳಿಗೆ ಬಾಳೆಹಣ್ಣು, ಬಿಸ್ಕತ್ತು, ಮಾರನೆಯ ದಿನ ಪೇಪರಿನಲ್ಲಿ ಫೋಟೋ. ರೋಗಿಷ್ಠರನ್ನೆಲ್ಲ ಅಲ್ಲಿಯ ವೈದ್ಯರೇ ಸೋಸಿ ಆಚೆ ಕಳಿಸಿದರು. ಉಳಿದವರ ಪಟ್ಟಿಯನ್ನು ಧನ್ಯವಾದ ಪತ್ರ ಕಳಿಸುವ ನೆಪದಲ್ಲಿ ತರಿಸಿಕೊಂಡು, ಬಿ ಪಾಸಿಟಿವ್ ಇದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿ ಬಂದ. ಹೊಳೆಯಲ್ಲಿ ಹರಿಗೋಲು ಹಾಕುವ ಎರ್ರಿಯಪ್ಪ ಕಣ್ಣಿಗೆ ಬಿದ್ದ. ನಲವತ್ತೈದರ ಆಸುಪಾಸು, ಸರಿಯಾಗಿ ಐದಡಿ ನಾಲ್ಕಿಂಚು. ಹುಟ್ಟಿದಾಗಿನಿಂದ ತುಂಗಭದ್ರೆಯ ಗಾಳಿಯಲ್ಲೇ ಬೆಳೆದವನು, ಪ್ರವಾಹದ ನೀರನ್ನೂ ಈಜಿ ದಾಟಿದವನು, ಬಂಡ್ರಿಯ ಕಡೆ ಒಮ್ಮೆಯೂ ತಲೆ ಹಾಕಿದವನಲ್ಲ. ಆಳೊಬ್ಬ ಊರಲ್ಲಿಲ್ಲ, ಅವನ ಹೆಸರು ಪುಕ್ಕಟೆ ಔಷಧದ ಪಟ್ಟಿಯಿಂದ ತಪ್ಪಿಹೋಗುತ್ತದೆ, ಒಂದು ದಿನ ಅವನ ಬದಲಿಗೆ ನಿಂತು ಪುಣ್ಯ ಕಟ್ಟಿಕೋ ಎಂದ ಶಂಭುಲಿಂಗ. ಹೊಸ ಹರಿಗೋಲು ಕೊಡಿಸುವ ಮಾತೂ ಕೊಟ್ಟ. ಹಚ್ಚೆಯ ಮಾತು ತೆಗೆದಾಗ ಎರ್ರಿಯಪ್ಪ ಖುಷಿಯಿಂದಲೇ ಕೈ ಚಾಚಿದ. ಹುಲಿಗೆಮ್ಮ ಅವನ ಮನೆದೇವರೂ ಹೌದಂತೆ. ಹಚ್ಚೆ ಹಳೆಯದಾಗಿ ಕಾಣಲೆಂದು ದಿನವೂ ಮರಳಿನಲ್ಲಿ ತಿಕ್ಕಿಸಿದ.

ಶಿಬಿರದ ಬೆಳಿಗ್ಗೆ ತನ್ನ ಕಾರಿನಲ್ಲಿ ಅವನನ್ನು ಕೂರಿಸಿಕೊಂಡು ಹೊಸಪೇಟೆಯ ಕಡೆ ಹೊರಟ. ದಾರಿಯುದ್ದಕ್ಕೂ ಪಾಠ.

"ನಿನ್ನ ಹೆಸ್ರೇನಲೇ?"

"ಎರ್ರಿಯಪ್ಪರಿ."

"ಲೇ!"

"ಉಚ್ಚೆಂಗಪ್ಪರಿ, ಉಚ್ಚೆಂಗಪ್ಪ. ನಮ್ಮಪ್ಪ ಮುದುಕಪ್ಪ. ಊರು ಬಂಡ್ರಿ."

"ಬೀಡಿ?"

"ದಿನಕ್ಕ ಒಂದು ಕಟ್ಟು. ಮೊದ್ಲು ಎರಡಿತ್ತು, ಈಗ ಕಡಿಮಿ ಮಾಡೀನ್ರಿ."

ಆ ಕೊನೆಯ ಮಾತು ಶಂಭುಲಿಂಗ ಹೇಳಿಕೊಟ್ಟದ್ದಲ್ಲ. ಅವನಿಗೆ ನಗು ಬಂತು.

"ಧಣಿ, ಆ ಉಚ್ಚೆಂಗಪ್ಪ ಈಗ ಎಲ್ಲಿ ಅದಾನ್ರಿ?"

"ಅದಾನ. ಇದ್ದಲ್ಲೇ ಅದಾನ. ನೀ ಸುಮ್ಮ ಕುಂದ್ರು."

ಶಿಬಿರದಲ್ಲಿ ಲಲಿತಾ ಮೇಜಿನ ಹಿಂದೆ ಕೂತಿದ್ದಳು. ಎರ್ರಿಯಪ್ಪನ ಮುಖ ನೋಡಿದಳು, ಕಾರ್ಡು ನೋಡಿದಳು, ಮುಂಗೈ ಹಿಡಿದು ಹಚ್ಚೆ ಓದಿದಳು. ಇವರನ್ನು ಬಲ್ಲವರು ಯಾರು ಎಂದಾಗ, "ನಮ್ಮ ಕ್ರಷರ್‌ದಾಗ ಹನ್ನೆರಡು ವರ್ಷ ದುಡದಾನವ್ವಾ, ನನಗಿಂತ ಬಲ್ಲವರು ಯಾರು?" ಎಂದ ಶಂಭುಲಿಂಗ. ಆಮೇಲೆ ಪ್ರಶ್ನೆಗಳು ಶುರುವಾದವು. ಒಲೆ ಸೌದೆಯದೋ ಗ್ಯಾಸಿನದೋ, ವಾರಕ್ಕೆ ಎಷ್ಟು ಸಲ ಸೊಪ್ಪು, ಉಪ್ಪಿನಕಾಯಿ ಎಷ್ಟು, ನಿದ್ದೆ ಎಷ್ಟು, ಕೆಮ್ಮು ಎಷ್ಟು. ಕೆಮ್ಮೇ ಇಲ್ಲ ಎಂದ ಎರ್ರಿಯಪ್ಪ. ರಕ್ತ ತೆಗೆದರು, ಹೊರಗೆ ನಿಂತ ವ್ಯಾನಿನೊಳಗೆ ಕರೆದೊಯ್ದು ಎದೆಯ ಫೋಟೋ ತೆಗೆದರು, ಕೊಳವೆ ಕೊಟ್ಟು ಊದಿಸಿದರು. ಅವನು ಊದಿದ ರಭಸಕ್ಕೆ ನರ್ಸಮ್ಮ ಬೆಚ್ಚಿ, "ಯಜಮಾನ್ರ, ಮಷೀನ್ ಮುರಿಬ್ಯಾಡ್ರಿ," ಎಂದು ನಕ್ಕಳು. ಸುತ್ತಲಿದ್ದವರೂ ನಕ್ಕರು. ಶಂಭುಲಿಂಗನಿಗಂತೂ ಮಗ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಷ್ಟು ಹೆಮ್ಮೆಯಾಯಿತು. ಲಲಿತಾ ಪಟ್ಟಿಯ ಕೊನೆಯ ಹೆಸರಿನ ಮುಂದೆ ಗುರುತು ಹಾಕಿ, "ಇಷ್ಟಕ್ಕ ಎಷ್ಟು ತಿರುಗಿಸಿದ್ರಿ ನನ್ನ," ಎಂದಳು. ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆಮೇಲಿನ ಮೂರು ವಾರ ಇದ್ದಷ್ಟು ಒಳ್ಳೆಯ ಮನುಷ್ಯನಾಗಿ ಶಂಭುಲಿಂಗ ಯಾವತ್ತೂ ಇರಲಿಲ್ಲ. ಆಳುಗಳಿಗೆ ಬೈಯಲಿಲ್ಲ. ಎರ್ರಿಯಪ್ಪನಿಗೆ ಹರಿಗೋಲು ಮುಟ್ಟಿಸಿದ. ಉಚ್ಚೆಂಗಪ್ಪ ಜುಲೈ ಹದಿನಾಲ್ಕರಂದು ಹೊಸಪೇಟೆಯಲ್ಲಿ ಆರೋಗ್ಯವಾಗಿದ್ದ ಎಂದು ಬೆಂಗಳೂರಿನ ವೈದ್ಯರೇ ಬರೆದಿಟ್ಟಿದ್ದಾರೆ; ಇನ್ನು ನಾಳೆ ಯಾವ ಪೊಲೀಸಪ್ಪ ಬಂದು ಏನು ಕೇಳಿದರೂ ಆ ಕಾಗದವೇ ಉತ್ತರ ಹೇಳುತ್ತದೆ. ತನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಲು ಬಂದವಳೇ ತನಗೆ ರಕ್ಷೆ ಕಟ್ಟಿ ಹೋದಳಲ್ಲ ಎಂದು ಒಬ್ಬನೇ ಇದ್ದಾಗ ಗಟ್ಟಿಯಾಗಿ ನಗುತ್ತಿದ್ದ. ಹಾಗಾಗಿ ಒಂದು ಬೆಳಿಗ್ಗೆ ಮೊಪೆಡ್ಡಿನ ಸದ್ದಾಗಿ ಲಲಿತಾ ಒಳಗೆ ಬಂದಾಗ ಅವನೇ ಎದ್ದು, "ಬರ್ರಿ ಮೇಡಂ, ಕುಂದ್ರಿ, ಚಾ ಹೇಳ್ತೀನಿ," ಎಂದ. ಅವಳು ಅವತ್ತೂ ಕೂರಲಿಲ್ಲ. ಕೈಯಲ್ಲಿ ದೊಡ್ಡದೊಂದು ಕಂದು ಲಕೋಟೆಯಿತ್ತು.

ಅದರಿಂದ ಎರಡು ಎಕ್ಸ್‌ರೇ ಹಾಳೆ ತೆಗೆದು ಅವಳು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಒಂದು ಮೊನ್ನೆಯ ಶಿಬಿರದ್ದು, ಪಕ್ಕೆಲುಬಿನ ಎರಡೂ ಕಡೆ ಕಪ್ಪಗೆ, ಸ್ವಚ್ಛವಾಗಿತ್ತು. ಇನ್ನೊಂದು 2003ರಲ್ಲಿ ತೆಗೆದ ಉಚ್ಚೆಂಗಪ್ಪನದು, ಎದೆಯ ತುಂಬ ಬಿಳಿ ಚುಕ್ಕೆ. "ಇದು ಕಲ್ಲಿನ ಧೂಳು ಕುಂತ ಎದಿರಿ. ಬೆಂಗಳೂರು ಆಫೀಸಿನ್ಯಾಗ ಇತ್ತು. ಹಿಂಗ ಕೆಟ್ಟ ಎದಿ ಮತ್ತ ನೆಟ್ಟಗಾಗಾಂಗಿಲ್ಲ, ಔಷಧನೂ ಇಲ್ಲ, ಜಗತ್ತಿನ್ಯಾಗ ಒಬ್ಬರಿಗೂ ವಾಸಿ ಆಗಿಲ್ಲಂತ. ನಮ್ಮ ಸಂಸ್ಥೆ ಡಾಕ್ಟರಮ್ಮ ಮೂರು ಸಲ ನಂಬರ್ ತಾಳೆ ಹಾಕಿ ನೋಡಿದ್ರು. ಈಗ ಸಂಡೂರು ಸ್ಟೇಷನ್ನಿನ್ಯಾಗ ಕುಂತಾರ, ಪೊಲೀಸರನ್ನ ಕರ್ಕೊಂಡು ಇಲ್ಲಿಗೇ ಬರ್ತಾರ. ಉಚ್ಚೆಂಗಪ್ಪ ಎಲ್ಲಿ ಅದಾರ ಹೇಳ್ರಿ." ಶಂಭುಲಿಂಗ ಎರಡೂ ಹಾಳೆಗಳನ್ನು ನೋಡಿದ. ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ಹೊಂದಿಸಿದ್ದ. ಹನ್ನೆರಡು ವರ್ಷ ತನ್ನ ಕಲ್ಲಿನ ಧೂಳು ಕುಡಿದವನ ಎದೆ ಹೇಗಿರುತ್ತದೆ ಎಂದು ಮಾತ್ರ ಅವನು ಒಂದು ದಿನವೂ ಯೋಚಿಸಿದವನಲ್ಲ. ಆ ಹಾಳೆಗಳ ಆಚೆ, ಕಿಟಕಿಯ ಹೊರಗೆ, ಮೂಗಿಗೆ ಟವೆಲ್ ಕಟ್ಟಿಕೊಂಡ ಅರವತ್ತು ಆಳುಗಳು ಕ್ರಷರ್‌ಗೆ ಕಲ್ಲು ತುಂಬುತ್ತಿದ್ದರು. ಅವರಲ್ಲಿ ಯಾವ ಹಳಬನನ್ನು ಕರೆದೊಯ್ದಿದ್ದರೂ ನಡೆದುಹೋಗುತ್ತಿತ್ತು. ಅವನು ಕಂಪ್ಲಿಯ ಹೊಳೆತನಕ ಹೋಗಿ, ಹುಡುಕಿ ಹುಡುಕಿ, ಗಟ್ಟಿ ಎದೆಯವನನ್ನೇ ತಂದಿದ್ದ.