ಹಸಿರು ದೀಪದ ನಲವತ್ತು ಪೆಟ್ಟಿಗೆಗಳು

ನರ್ಸಮ್ಮನಿಗೆ ಸ್ಕೂಟರ್ ಚಾರ್ಜ್ ಮಾಡಲು ಒಂದು ಪ್ಲಗ್ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ 3.40ಕ್ಕೆ ಹೊಸ ವಸತಿ ಸಮುಚ್ಚಯದ ಕಾರ್ಯದರ್ಶಿ ಠಾಣೆಗೆ ತಂದ ದೂರಿನಲ್ಲಿ ಆ ಮಾತಿರಲಿಲ್ಲ. ಮೊದಲ ಮಹಡಿಯ ನರ್ಸ್ ಕಿಟಕಿಯಿಂದ ನೆಲಮಾಳಿಗೆಗೆ ತಂತಿ ಇಳಿಸಿ ಸ್ಕೂಟರ್ ಚಾರ್ಜಿಗೆ ಹಾಕಿದ್ದರು. ತಂತಿ ಕಾದು ಬೆಂಕಿ ಹತ್ತಿತು. ಹೊಗೆಗೆ ಸಿಕ್ಕಿ ಕಾವಲುಗಾರ ಸತ್ತ. ಇಷ್ಟೇ ಇತ್ತು. ಎಫ್‌ಐಆರ್ ದಾಖಲಾಯಿತು.

"ನಾಳೆಯೊಳಗೆ ಅವಳು ಒಳಗಿರಬೇಕು," ಎಂದ ಕಾರ್ಯದರ್ಶಿ. "ನಲವತ್ತು ಚಾರ್ಜಿಂಗ್ ಪೆಟ್ಟಿಗೆ ಇಟ್ಕೊಂಡು ತಂತಿ ಎಳೀತಾರಾ ಯಾರಾದ್ರೂ?"

"ನೀವು ಯಾರಾದ್ರೂ ಆ ಪೆಟ್ಟಿಗೆ ಬಳಸಿದೀರಾ?" ಇನ್‌ಸ್ಪೆಕ್ಟರ್ ಕೇಳಿದಳು.

"ನಮ್ಮದೆಲ್ಲ ಪೆಟ್ರೋಲ್ ಗಾಡಿ."

ಅಂದರೆ ಆ ಪೆಟ್ಟಿಗೆಗಳನ್ನು ಯಾರೂ ಬಳಸಿಯೇ ಇಲ್ಲ; ಅವಳು ಜೀಪು ತರಿಸಿದಳು. 5.10ಕ್ಕೆ ನೆಲಮಾಳಿಗೆಯಲ್ಲಿ ಪಂಚನಾಮೆ. ಅಗ್ನಿಶಾಮಕದವರು ಕಟ್ಟಡದ ವಿದ್ಯುತ್ತನ್ನು ಪೂರ್ತಿ ಕಡಿದಿದ್ದರು. ಆದರೆ ಬೆಂಕಿ ತಾಗದ ಗೋಡೆಯ ಮೇಲೆ ಪೆಟ್ಟಿಗೆಗಳ ಹಸಿರು ದೀಪ ಉರಿಯುತ್ತಲೇ ಇತ್ತು.

"ಕರೆಂಟೇ ಇಲ್ಲ, ಇವು ಹೇಗ್ರೀ ಉರೀತಿವೆ?"

ಹೆಡ್ ಕಾನ್‌ಸ್ಟೇಬಲ್ ಒಂದರ ಮುಚ್ಚಳ ಬಿಚ್ಚಿದ. ಎರಡು ಪೆನ್ಸಿಲ್ ಸೆಲ್ಲು, ಒಂದು ಪುಟಾಣಿ ಬಲ್ಬು. ಹಿಂದೆ ಬರೀ ಗೋಡೆ.

"ನನ್ನ ಮಗನ ಆಟದ ಕಾರಲ್ಲಿ ಇದಕ್ಕಿಂತ ಜಾಸ್ತಿ ವೈರಿಂಗ್ ಇದೆ, ಮೇಡಂ."

ಬುಧವಾರ 10.20ಕ್ಕೆ ಯೋಜನಾ ಕಚೇರಿಯ ಪರಿವೀಕ್ಷಕ ನಿಯಮ ಓದಿ ಹೇಳಿದ: ಹೊಸ ಕಟ್ಟಡದಲ್ಲಿ ಮನೆಗೊಂದು ಚಾರ್ಜಿಂಗ್ ಪಾಯಿಂಟ್ ಇಲ್ಲದಿದ್ದರೆ ವಾಸದ ಪ್ರಮಾಣಪತ್ರವಿಲ್ಲ.

"ನೀವೇನು ನೋಡಿದ್ರಿ?"

"ದೀಪ ಎಣಿಸಿದೆ. ನಲವತ್ತಿತ್ತು. ಫೋಟೋ ತೆಗೆದೆ."

"ಪ್ಲಗ್ ಚುಚ್ಚಿ ನೋಡಿದ್ರಾ?"

"ಫಾರಂನಲ್ಲಿ ಆ ಕಾಲಂ ಇಲ್ಲ."

ಅಷ್ಟರಲ್ಲಿ ಕಾರ್ಯದರ್ಶಿ ನಾಲ್ಕು ಸಲ ಫೋನ್ ಮಾಡಿದ್ದ. 11.45ಕ್ಕೆ ನರ್ಸಮ್ಮ ಆಸ್ಪತ್ರೆಯ ಬಟ್ಟೆಯಲ್ಲೇ ಬಂದು ಕೂತಳು.

"ತಂತಿ ಯಾರು ಎಳೆದುಕೊಟ್ರು?"

"ನಾನೇ."

"ಒಬ್ಬ ಸತ್ತಿದಾನಮ್ಮ. ಬಾಯಿ ಬಿಡದಿದ್ರೆ ಎಲ್ಲಾ ನಿಮ್ಮ ತಲೆಗೇ ಬರುತ್ತೆ."

"ಬರಲಿ ಬಿಡಿ."

ಹೀಗೆ ಹೇಳುವವರು ತಮ್ಮವರು ಯಾರನ್ನೋ ಕಾಪಾಡುತ್ತಿರುತ್ತಾರೆ ಎಂದುಕೊಂಡು ಇನ್‌ಸ್ಪೆಕ್ಟರ್ ಎದ್ದು ಹೊರಟಳು. ಬಿಲ್ಡರ್‌ನ ಕೆಲಸಗಾರರ ಪಟ್ಟಿಯಲ್ಲಿ ಎಲೆಕ್ಟ್ರಿಕ್ ಮೇಸ್ತ್ರಿಯ ಮುಂದೆ ಇದ್ದ ತುರ್ತು ಸಂಪರ್ಕದ ನಂಬರ್ ನರ್ಸಮ್ಮನದೇ. ಸಂಬಂಧ: ಅಕ್ಕ.

3.15ಕ್ಕೆ ಇನ್ನೊಂದು ಹೊಸ ಕಟ್ಟಡದ ನೆಲಮಾಳಿಗೆಯಲ್ಲಿ ಮೇಸ್ತ್ರಿ ಸಿಕ್ಕ. ಕೈಯಲ್ಲಿ ಡ್ರಿಲ್ಲು, ಕಾಲ ಬಳಿ ಅಂಥದೇ ಪೆಟ್ಟಿಗೆಗಳ ರಾಶಿ.

"ಅಕ್ಕನ್ನ ಬಿಟ್ಬಿಡಿ ಮೇಡಂ. ಅಷ್ಟು ಚಾರ್ಜಿಂಗ್‌ಗೆ ಬೇಕಾದ ಟ್ರಾನ್ಸ್‌ಫಾರ್ಮರ್ ಬರೋಕೆ ಒಂದು ವರ್ಷ ಅಂದ್ರು, ಅಲ್ಲೀತನಕ ಪ್ರಮಾಣಪತ್ರ ಇಲ್ಲ. ಅಲ್ಲಿ ಮನೆ ತಗೊಂಡಿದ್ರೂ ಅವಳು ಮಕ್ಕಳನ್ನ ಕಟ್ಕೊಂಡು ಆಸ್ಪತ್ರೆ ಸ್ಟೋರ್‌ರೂಮಲ್ಲಿ ಮಲಗ್ತಿದ್ಲು. ಏನಾದ್ರೂ ದಾರಿ ಇದ್ಯಾ ಅಂತ ಬಿಲ್ಡರ್ ಕೇಳ್ದ. ಈ ಸೆಲ್ಲಿನ ಪೆಟ್ಟಿಗೆ ಉಪಾಯ ನಾನೇ ತೋರಿಸ್ದೆ. ಅವಳಿಗೆ ತಂತಿ ಎಳ್ದು ಕೊಟ್ಟಿದ್ದೂ ನಾನೇ."

"ಮತ್ತೆ ಇವು ಯಾರ ಅಕ್ಕನಿಗೆ?" ಅವಳು ರಾಶಿಯತ್ತ ಕೈ ತೋರಿಸಿದಳು.

ಅವನು ಡ್ರಿಲ್ ಕೆಳಗಿಟ್ಟ.

3.50ಕ್ಕೆ ಬಂಧನ, ಸಂಜೆ ಬಿಲ್ಡರ್‌ನದೂ ಆಯಿತು. ಅಕ್ಕನಿಗೊಂದು ಮನೆ ಬೇಕಿತ್ತು, ತಮ್ಮನಿಗೆ ಕಾಯಲಾಗಲಿಲ್ಲ. ಗುರುವಾರ ಯೋಜನಾ ಕಚೇರಿ ಪ್ರಮಾಣಪತ್ರ ರದ್ದು ಮಾಡಿ ಕಟ್ಟಡಕ್ಕೆ ಬೀಗ ಜಡಿಯಿತು.

ಹೋದದ್ದು: ಕಾವಲುಗಾರ ಒಬ್ಬ, ಸ್ಕೂಟರ್ ಹನ್ನೊಂದು, ಕಾರು ಎರಡು, ಮನೆ ನಲವತ್ತು.