ದಪ್ಪ ಅಟ್ಟೆಯ ಬೂಟು

ಹುಣಸೂರಿನ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಿಂದ ಒಬ್ಬ ಕೂಗಿದ ಮಾತು ಉಮಾಶಂಕರನ ಕಿವಿಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. 'ಕಟ್ಟೆ ಮೀರಿದ ಹೊಳೆ' ಹಾಡಿನ ಮೊದಲ ಸಾಲನ್ನು ಅವನು ಆಗಷ್ಟೇ ಎತ್ತಿಕೊಂಡಿದ್ದ.

"ಅದು ಮಹೇಂದ್ರಣ್ಣನ ಆಡು ಕಣಣ್ಣೋ. ನಿಂದೇ ಯಾವ್ದಾದ್ರೂ ಇದ್ರೆ ಆಡು."

ಸುತ್ತಲಿನವರು ನಕ್ಕರು. ಉಮಾಶಂಕರನೂ ನಕ್ಕು, ಹಾಡನ್ನು ಕೊನೆಯವರೆಗೂ ಹಾಡಿದ. ಆ ಹಾಡು ಅವನದೇ. ಕಾವೇರಿ ಉಕ್ಕಿದ್ದ ಒಂದು ಮಳೆಗಾಲದಲ್ಲಿ, ಚುಂಚನಕಟ್ಟೆಯ ಬಂಡೆಯ ಮೇಲೆ ಕೂತು, ನೀರಿನ ಸದ್ದನ್ನು ಮೀರಿ ಕೂಗಬೇಕೆಂಬ ಹಟದಲ್ಲಿ ಅದನ್ನು ಕಟ್ಟಿದ್ದ. ಆಗ ಪಕ್ಕದಲ್ಲಿ ಕೂತು ಬಂಡೆಗೆ ಬಡಿದು ತಾಳ ಹಾಕುತ್ತಿದ್ದವನು ಮಹೇಂದ್ರ. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆಯವನು, ಕೆ.ಆರ್. ನಗರಕ್ಕೆ ಐಟಿಐ ಓದಲು ಬಂದು, ಉಮಾಶಂಕರನ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದ್ದ. ಉಸಿರು ಹಿಡಿಯುವುದನ್ನು, ಗದ್ದಲದ ನಡುವೆ ಸ್ವರ ತಪ್ಪದಿರುವುದನ್ನು ಅವನಿಗೆ ಕಲಿಸಿದವನು ಉಮಾಶಂಕರ. ಇಬ್ಬರೂ ಸೇರಿ 'ಕರಿಬಂಡೆ' ಎಂಬ ಹಾರ್ಡ್ ರಾಕ್ ತಂಡ ಕಟ್ಟಿದರು. ಕೆಲವು ವರ್ಷಗಳಲ್ಲೇ ಮಹೇಂದ್ರ ಬೇರೆಯಾಗಿ 'ಬೆಂಕಿಗಾಳಿ' ಕಟ್ಟಿದ. ಹೋಗುವಾಗ ಹಾಡನ್ನೂ ಒಯ್ದ.

ಯೂಟ್ಯೂಬಿನಲ್ಲಿ ಅದರ ಕೆಳಗೆ 'ಸಾಹಿತ್ಯ, ಸಂಗೀತ: ಬೆಂಕಿಗಾಳಿ' ಎಂದಿತ್ತು. ಆಟೋಗಳಲ್ಲಿ, ಮದುವೆ ಮೆರವಣಿಗೆಯಲ್ಲಿ, ಗಣಪತಿ ಬಿಡುವ ದಿನ, ಎಲ್ಲೆಲ್ಲೂ ಅದೇ ಹಾಡು. ಇದೇನಪ್ಪ ಎಂದು ಉಮಾಶಂಕರ ಒಂದು ದಿನವೂ ಕೇಳಲಿಲ್ಲ. ಕೇಳಿ ಪಡೆದ ಹೆಸರು ಭಿಕ್ಷೆಗೆ ಸಮ ಎಂದುಕೊಂಡ. ಮಹೇಂದ್ರನೂ ತಾನಾಗಿ ಬಾಯಿ ಬಿಡಲಿಲ್ಲ.

ಎರಡು ತಂಡಗಳನ್ನೂ ಸೇರಿಸಿ ನಾಲ್ಕು ಭಾನುವಾರ, ನಾಲ್ಕು ಊರು ಎಂದು ಪ್ರವಾಸ ಹೊಂದಿಸಿದವನು ಹುಣಸೂರಿನ ಕಾಂತರಾಜು. ಶಾಮಿಯಾನ, ಸೌಂಡ್ ಬಾಡಿಗೆಗೆ ಕೊಡುವವನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೊನೆಗೆ ಎಚ್.ಡಿ. ಕೋಟೆ. ಪೋಸ್ಟರಿನಲ್ಲಿ ಎರಡೂ ಹೆಸರು ಒಂದೇ ಗಾತ್ರ. ಒಂದು ವಾರ ಇವರು ಕೊನೆಗೆ ಹಾಡಿದರೆ ಮುಂದಿನ ವಾರ ಅವರು. ಡ್ರಮ್ಸು, ಸ್ಪೀಕರು, ನಡುವೆ ನಿಲ್ಲುವ ಮೈಕ್ ಸ್ಟ್ಯಾಂಡು ಇಬ್ಬರಿಗೂ ಒಂದೇ. ಒಂದೇ ವೇದಿಕೆಯಲ್ಲಿ ಇಬ್ಬರನ್ನೂ ಕೇಳಿದರೆ ಹಾಡು ಯಾರ ಎದೆಯಿಂದ ಬಂದದ್ದೆಂದು ಜನಕ್ಕೇ ತಿಳಿಯುತ್ತದೆ ಎಂಬ ಆಸೆಯಿಂದ ಉಮಾಶಂಕರ ಒಪ್ಪಿದ್ದ. ಆ ಆಸೆ ಮೊದಲ ಊರಿನಲ್ಲೇ ಮುಗಿಯಿತು.

ಯೋಚನೆ ಹುಟ್ಟಿದ್ದು ಪಿರಿಯಾಪಟ್ಟಣದಲ್ಲಿ. ಅವತ್ತು ಕೊನೆಯ ಸರದಿ ಬೆಂಕಿಗಾಳಿಯದು. ಉಮಾಶಂಕರ ಪಕ್ಕದ ಪರದೆಯ ಹಿಂದೆ ನಿಂತು ನೋಡಿದ. ಮಹೇಂದ್ರ ಎಂದಿನಂತೆ ಬರಿಗಾಲಲ್ಲಿ ಬಂದ. ಎಂದಿನಂತೆ ತಾಮ್ರದ ಬಿಂದಿಗೆ ಎತ್ತಿ ತಲೆಯ ಮೇಲೆ ನೀರು ಸುರಿದುಕೊಂಡ. ಜನ ಹುಚ್ಚೆದ್ದು ಕೂಗಿದರು. ಮೈಯಿಂದ ನೀರು ಸೋರುತ್ತಿರುವಾಗಲೇ ಅವನು ಉಕ್ಕಿನ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಬಾಗಿದ.

ಉಮಾಶಂಕರನಿಗೆ ಕರೆಂಟು ಗೊತ್ತಿತ್ತು. ಮೋಟರು ರಿಪೇರಿಗೆಂದು ಗದ್ದೆ ತೋಟಗಳಿಗೆ ಹೋದವನು ಸ್ಟಾರ್ಟರ್ ಮುಟ್ಟಿ ಸತ್ತವರನ್ನು ಕಂಡಿದ್ದ. ಅವರೆಲ್ಲರೂ ಬರಿಗಾಲಿನವರು, ಎಲ್ಲರ ಕಾಲಡಿಯೂ ಒದ್ದೆ. ಅವನು ಮಾತ್ರ ಅಂಗಡಿಯಲ್ಲೂ ವೇದಿಕೆಯಲ್ಲೂ ದಪ್ಪ ರಬ್ಬರ್ ಅಟ್ಟೆಯ ಕರಿ ಬೂಟು ಬಿಚ್ಚಿದವನಲ್ಲ. ಬೂಟು ಕರಿಬಂಡೆಯ ಗುರುತೇ ಆಗಿತ್ತು. ಪೋಸ್ಟರಿನಲ್ಲಿ ಅವನ ಮುಖಕ್ಕಿಂತ ಅದೇ ದೊಡ್ಡದು.

ಉಪಾಯ ಸರಳವಾಗಿತ್ತು, ಅದೇ ಅದರ ಚೆಂದ. ಕೋಟೆಯ ಬಯಲು ರಂಗಮಂದಿರಕ್ಕೆ ಸಿಮೆಂಟ್ ನೆಲ. ಕಾಂತರಾಜುವಿನ ಹಳೆಯ ಜನರೇಟರಿನಲ್ಲಿ ಕರೆಂಟು ಸೋರಿದರೆ ತಾನೇ ನಿಲ್ಲುವ ಸಾಧನ ಇರಲಿಲ್ಲ. ನೆಲದ ಲೈಟಿನ ವೈರು, ಅದರ ಮೇಲೆ ಹಾಸಿದ ಕಿರಿದಾದ ಮ್ಯಾಟಿನ ಕೆಳಗೆ ಹಾದು ಸ್ಟ್ಯಾಂಡಿನ ಪಕ್ಕದಲ್ಲೇ ಹೋಗುತ್ತಿತ್ತು. ಆ ವೈರಿನ ಸಿಪ್ಪೆ ಒಂದು ಕಡೆ ಸವೆದಿದ್ದು, ಅದು ಸ್ಟ್ಯಾಂಡಿಗೆ ತಾಗಿದ್ದರೆ ಸಾಕು. ಬಾಡಿಗೆ ಸಾಮಾನಿನ ವೈರು ಸವೆಯುವುದು ಯಾರಿಗೂ ಸೋಜಿಗವಲ್ಲ. ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಬಿರಡೆಗಳಿದ್ದವು. ಬರಿಗಾಲಿನ ಮನುಷ್ಯ ಮುಟ್ಟುವವರೆಗೆ ಅದು ಸುಮ್ಮನೆ ನಿಂತಿರುತ್ತದೆ.

ಅದಕ್ಕಿಂತ ಜಾಣತನ ಸರದಿಯಲ್ಲಿತ್ತು. ಕೋಟೆಯಲ್ಲಿ ಮೊದಲು ಹಾಡುವವರು ಕರಿಬಂಡೆ. ಸೌಂಡ್ ಚೆಕ್ ಮುಗಿದ ಮೇಲೆ ವೈರನ್ನು ಅಣಿಮಾಡಿಟ್ಟು, ಅದೇ ಸ್ಟ್ಯಾಂಡನ್ನು ಹಿಡಿದು ತಾನೇ ಮೊದಲು ಹಾಡುತ್ತಾನೆ. ಇಡೀ ಕೋಟೆ ನೋಡುತ್ತದೆ. ಮೊಬೈಲುಗಳಲ್ಲಿ ದಾಖಲಾಗುತ್ತದೆ. ತಾನು ಸಾವು ಕಟ್ಟಿದ ಸ್ಟ್ಯಾಂಡನ್ನು ತಾನೇ ಹಿಡಿದು ಕುಣಿಯುವವನು ಲೋಕದಲ್ಲಿ ಯಾರಿದ್ದಾನೆ? ಪೊಲೀಸರ ಅನುಮಾನ ಹುಟ್ಟುವ ಮೊದಲೇ ಸಾಯುತ್ತದೆ. ಪತ್ರಿಕೆಯ ಒಳಪುಟದ ಸುದ್ದಿಯನ್ನೂ ಅವನು ಮನಸ್ಸಿನಲ್ಲೇ ಜೋಡಿಸಿದ: ಎಚ್.ಡಿ. ಕೋಟೆ, ಸೋಮವಾರ. ವಿದ್ಯುತ್ ಸ್ಪರ್ಶ, ವೇದಿಕೆಯಲ್ಲೇ ಗಾಯಕ ಸಾವು. ಶೋಕಸಭೆಯಲ್ಲಿ ತಾನು ಆ ಹಾಡನ್ನು ಹಾಡುತ್ತಾನೆ. ಆಗ ಇದು ಯಾರ ಹಾಡೆಂದು ಯಾರೂ ಕೂಗಲಾರರು.

ಕೆ.ಆರ್. ನಗರದಲ್ಲಿ ಅವನು ತನ್ನ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಂಡ. ಹಾಡುವಾಗ ಸ್ಟ್ಯಾಂಡು ಬಿಟ್ಟರೆ ತನ್ನ ಕೈ ಬೇರೇನನ್ನೂ ಮುಟ್ಟುವುದಿಲ್ಲ. ಗಿಟಾರಿನವರು ತಮ್ಮ ಜಾಗ ಬಿಟ್ಟು ಬರುವುದಿಲ್ಲ. ನಿರೂಪಣೆಗೆ ಬೇರೆ, ಕೈಯಲ್ಲಿ ಹಿಡಿಯುವ ವೈರಿಲ್ಲದ ಮೈಕು. ಎಲ್ಲವೂ ಸರಿಯಿತ್ತು.

ಅಲ್ಲಿ ಊರಿನವರು ಇಬ್ಬರಿಗೂ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಇಳಿದು ಬರುವಾಗ ಮಹೇಂದ್ರ ಹತ್ತಿರ ಬಂದು ಅವನ ಬೂಟು ನೋಡಿ ತಲೆಯಾಡಿಸಿದ.

"ಅಣ್ಣೋ, ಸನ್ಮಾನಕ್ಕಾದ್ರೂ ಆ ಬೂಟು ಬುಡು ಅತ್ಲಾಗೆ. ಮುಂದೆ ಕೂತಿದ್ದ ಅಜ್ಜಿ ಒಂದು ನಿನ್ ಕಾಲನ್ನೇ ನೋಡ್ತಿತ್ತು."

"ಬರಿಗಾಲಲ್ಲಿ ನಿಂತ್ಕಳಾಕೆ ನಾನೇನು ಭಜನೆ ಮಾಡಾಕೆ ಬಂದಿದ್ದೀನಾ?"

"ಅಂಗಾರೆ ನಾನು ಮಾಡ್ತಿರೋದು ಭಜನೇನಾ?" ಮಹೇಂದ್ರ ನಕ್ಕ. "ಇರ್ಲಿ ಬುಡು. ಕೋಟೇಲಿ ಐತೆ ನಿಂಗೆ."

ಉಮಾಶಂಕರ ಅದನ್ನು ಸವಾಲೆಂದೇ ತಿಳಿದ. ಆಮೇಲೆ ಆ ವಾರವೆಲ್ಲ ಮಹೇಂದ್ರ, ಕಾಂತರಾಜು, ಕರಿಬಂಡೆಯ ಡ್ರಮ್ಸ್ ಬಾರಿಸುವ ಬೃಂದಾ ಗುಸುಗುಸು ಮಾತಾಡುವುದೂ, ತಾನು ಬಂದೊಡನೆ ಮಾತು ನಿಲ್ಲುವುದೂ ಅವನ ಕಣ್ಣಿಗೆ ಬಿತ್ತು. ಈ ಮಹೇಂದ್ರ ನನ್ನ ತಂಡವನ್ನೂ ಒಡೆಯುತ್ತಿದ್ದಾನೆ ಎಂದುಕೊಂಡ. ಇದ್ದ ಚೂರು ಅಳುಕೂ ಹೋಯಿತು.

ಕೋಟೆಯ ಭಾನುವಾರ ಬಿಸಿಲು ಇನ್ನೂ ಇರುವಾಗಲೇ ಜನ ತುಂಬಿದರು. ಬೇಗೂರಿನ ಕಡೆಯಿಂದ, ಕೇರಳದ ಗಡಿಯಿಂದ ಜೀಪುಗಳಲ್ಲಿ ಬಂದರು. ಮಹೇಂದ್ರನ ಸೀಮೆ ಅದು. ಧೂಳು ಏಳದಿರಲೆಂದು ಕಾಂತರಾಜು ವೇದಿಕೆಗೆ ನೀರು ಹೊಡೆಸಿದ್ದ. ಉಮಾಶಂಕರ ಇದನ್ನು ಕೇಳಿರಲಿಲ್ಲ, ಆದರೆ ಬೇಡವೆನ್ನಲಿಲ್ಲ. ಸೌಂಡ್ ಚೆಕ್ ಮುಗಿದು ಎಲ್ಲರೂ ಟೀಗೆ ಹೋದಾಗ ಅವನು ಬೂಟಿನ ದಾರ ಕಟ್ಟುವವನಂತೆ ಸ್ಟ್ಯಾಂಡಿನ ಬುಡದಲ್ಲಿ ಕೂತು ಎದ್ದ. ಕೆಲಸ ಮುಗಿದಿತ್ತು.

ಅವನು ಹಾಡಿದ. ಇಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ. ಬೂಟಿನೊಳಗೆ ಕಾಲು ಬೆವೆತಿದ್ದವು. ಕೈಯಲ್ಲಿದ್ದ ಸ್ಟ್ಯಾಂಡು ತಣ್ಣಗೆ, ಸಾಧುವಾಗಿ, ಸಾಕಿದ ಹಸುವಿನಂತೆ ನಿಂತಿತ್ತು. 'ಕಟ್ಟೆ ಮೀರಿದ ಹೊಳೆ'ಯನ್ನು ಅವನು ಬೇಕೆಂದೇ ಹಾಡಲಿಲ್ಲ. ಕೊನೆಯ ಹಾಡು ಮುಗಿದು ಬೃಂದಾ ಡ್ರಮ್ಸ್ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬಾರಿಸುತ್ತಲೇ ಇದ್ದಳು, ಹಿಂದೆ ನೋಡಿದರೆ ನಗುತ್ತಿದ್ದಳು. ಪರದೆಯ ಹಿಂದಿನಿಂದ ಮಹೇಂದ್ರ ಬಂದ. ಬರಿಗಾಲು, ಬಿಳಿ ಪಂಚೆ, ಒಂದು ಕೈಯಲ್ಲಿ ವೈರಿಲ್ಲದ ಮೈಕು. ಹಿಂದೆ ಕಾಂತರಾಜು ಹಿತ್ತಾಳೆ ತಟ್ಟೆ, ನೀರಿನ ಚೊಂಬು ಹಿಡಿದಿದ್ದ. ಅವನೂ ಬರಿಗಾಲಲ್ಲಿದ್ದ.

ಉಮಾಶಂಕರ ತಕ್ಷಣ ಸ್ಟ್ಯಾಂಡಿನಿಂದ ಕೈ ತೆಗೆದು, ಅದಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತ. ಜನರೆದುರು ಈಗಲೇ ಏನಾದರೂ ಆದರೆ ತಾನು ಪಕ್ಕದಲ್ಲೇ ಇರುವುದರಿಂದ ಅನುಮಾನ ತನ್ನತ್ತ ತಿರುಗುತ್ತದೆ ಎಂಬುದಷ್ಟೇ ಅವನಿಗೆ ಹೊಳೆದದ್ದು.

"ಈ ಸುತ್ತಿಗೆಲ್ಲ ಗೊತ್ತಿರೋ ಒಂದಾಡು ಐತೆ," ಎಂದ ಮಹೇಂದ್ರ ಮೈಕಿನಲ್ಲಿ. ಜನ ಹಾಡಿನ ಹೆಸರು ಕೂಗಿದರು. "ಅದು ನಂದಲ್ಲ. ಚುಂಚನಕಟ್ಟೇಲಿ ನಮ್ಮಣ್ಣ ಕಟ್ಟಿದ್ದು. ನಾನು ಬಂಡೆಗೆ ಬಡಿದು ತಾಳ ಆಕ್ತಿದ್ದೆ, ಅಷ್ಟೇಯ. ಇಷ್ಟು ದಿನ ಯೋಳಾಕೆ ನಂಗೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ಕಣಣ್ಣ."

ಬಯಲೆಲ್ಲ ಚಪ್ಪಾಳೆ. ಯಾರೋ ಮೊದಲು, ಆಮೇಲೆ ಎಲ್ಲರೂ, ಉಮಾಶಂಕರನ ಹೆಸರು ಕೂಗತೊಡಗಿದರು. ಅವನಿಗೆ ಬೇಕಿದ್ದುದೆಲ್ಲ ಬಂದಿತ್ತು. ಕಾಂತರಾಜು ತಟ್ಟೆ, ಚೊಂಬು ಕೆಳಗಿಟ್ಟ. ಮಹೇಂದ್ರ ಮೈಕನ್ನು ಅವನಿಗೆ ಕೊಟ್ಟು ಮಂಡಿಯೂರಿ ಕೂತು ಬೂಟಿನ ದಾರಕ್ಕೆ ಕೈ ಹಾಕಿದ.

"ಬ್ಯಾಡ ಕಣ್ಲಾ," ಎಂದ ಉಮಾಶಂಕರ.

"ಗುರುವಿನ ಪಾದ ಬೂಟಿನ ಮೇಲೆ ತೊಳೆಯಾಕಾಯ್ತದಾ? ಸುಮ್ಕೆ ನಿಂತ್ಕ."

ಮೇನ್ ಆಫ್ ಮಾಡಿ ಎಂದು ಕೂಗಬಹುದಿತ್ತು. ಕೂಗಿದರೆ ಯಾಕೆಂದು ಹೇಳಬೇಕಿತ್ತು. ಹೆದರಬೇಕಾದ್ದಿಲ್ಲ, ಸ್ಟ್ಯಾಂಡನ್ನು ಮುಟ್ಟದಿದ್ದರೆ ಆಯಿತು ಎಂದು ತನಗೇ ಹೇಳಿಕೊಂಡ. ಇದು ಮುಗಿಯಲಿ, ಪೂಜೆಯಾದ ಮೇಲೆ ಕಾಲು ತಾಗಿತೆಂಬ ನೆಪದಲ್ಲಿ ಸ್ಟ್ಯಾಂಡನ್ನು ಒದ್ದು ಬೀಳಿಸುತ್ತೇನೆ, ವೈರು ಕಿತ್ತು ಎಸೆಯುತ್ತೇನೆ, ಇವನು ಬದುಕಲಿ. ಹೀಗೆಂದು ನಿರ್ಧರಿಸಿದಾಗ ಅವನ ಕಣ್ಣು ತುಂಬಿತ್ತು. ಮಹೇಂದ್ರನ ಹೆಗಲ ಮೇಲೆ ಕೈಯಿಟ್ಟು ಒಂದು ಕಾಲು ಎತ್ತಿದ, ಬೂಟು ಕಳಚಿತು. ಮತ್ತೊಂದು ಎತ್ತಿದ, ಅದೂ ಕಳಚಿತು. ಒದ್ದೆ ಸಿಮೆಂಟು ಅಂಗಾಲಿಗೆ ತಣ್ಣಗೆ ತಾಗಿತು. ಬಲಗಾಲನ್ನು ತಟ್ಟೆಯಲ್ಲಿ ಇಡಿಸಿಕೊಂಡು ಮಹೇಂದ್ರ ನೀರು ಸುರಿದು, ಉಜ್ಜಿ, ಕಣ್ಣಿಗೊತ್ತಿಕೊಂಡ.

ಪಾದಪೂಜೆಯೆಂದರೆ ಗುರುವನ್ನು ಕೂರಿಸಿ ಮಾಡುವುದು. ತಟ್ಟೆ, ಚೊಂಬು, ಹೂವು, ಅರಿಶಿನ, ಎಲ್ಲವನ್ನೂ ನೆನಪಿಟ್ಟು ತಂದವರು ಒಂದು ಕುರ್ಚಿಯನ್ನು ಮರೆತಿದ್ದರು. ವಾರಗಟ್ಟಲೆ ಎಲ್ಲವನ್ನೂ ಲೆಕ್ಕ ಹಾಕಿದ್ದ ಉಮಾಶಂಕರನಿಗೂ ಆ ಕುರ್ಚಿ ಹೊಳೆಯಲಿಲ್ಲ. ಎಡಗಾಲನ್ನು ಎತ್ತಿ ತಟ್ಟೆಯತ್ತ ಚಾಚಿದಾಗ, ಹೂವು ತೆಗೆದುಕೊಳ್ಳಲು ಮಹೇಂದ್ರ ಪಕ್ಕಕ್ಕೆ ತಿರುಗಿದ. ಹೆಗಲು ಸರಿಯಿತು. ಈಗಷ್ಟೇ ತೊಳೆದ ಬಲಗಾಲು ಸಿಮೆಂಟಿನ ಮೇಲೆ ಜಾರಿತು. ಒಂಟಿ ಕಾಲಲ್ಲಿ ನಿಂತವನು ಬೀಳದಿರಲು ಏನನ್ನಾದರೂ ಹಿಡಿಯುತ್ತಾನೆ. ಹಿಡಿಯಬೇಡವೆಂದು ಹೇಳುವಷ್ಟು ಹೊತ್ತು ಮನಸ್ಸಿಗೆ ಸಿಗುವುದಿಲ್ಲ. ಉಮಾಶಂಕರನ ಕೈ ಹಿಂದಕ್ಕೆ ಹೋಗಿ, ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡೇ ಹುಡುಕಿ ಹಿಡಿಯುತ್ತಿದ್ದ ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದುಕೊಂಡಿತು.